ಮನೆಗೆ ಲೋಹದ ಚಾವಣಿ: ತಗಡು ಆರಿಸುವುದರಿಂದ ಗುತ್ತಿಗೆಯ ಕೊನೆಯ ಕಂತಿನವರೆಗೆ

ಲೋಹದ ಚಾವಣಿ ಸೋರುತ್ತಿದೆ ಎಂಬ ದೂರಿನ ಬೆನ್ನು ಹತ್ತಿ ಮೇಲೇರಿ ನೋಡಿದರೆ ತಗಡಿನ ನಟ್ಟನಡುವೆ ತೂತು ಸಿಗುವುದು ಅಪರೂಪ. ನೀರು ಒಳಗೆ ಬರುವ ದಾರಿಗಳು ಬೇರೆಯೇ ಆಗಿರುತ್ತವೆ: ಸ್ಕ್ರೂ ಕೂರಿಸಿದ ರಂಧ್ರ, ಎರಡು ಶೀಟುಗಳು ಒಂದರ ಮೇಲೊಂದು ಬರುವ ಜೋಡು, ಮಾಡು ಗೋಡೆಗೆ ತಾಗುವ ಅಂಚು, ಹೊಗೆ ಕೊಳವೆಯೋ ಪೈಪೋ ಶೀಟನ್ನು ಹಾದು ಹೊರಬರುವ ಜಾಗ. ಇವು ಯಾವುವೂ ಕಾರ್ಖಾನೆಯಲ್ಲಿ ಆಗುವ ಕೆಲಸಗಳಲ್ಲ, ಮನೆಯ ಮೇಲೆ ನಿಂತು ಕೈಯಿಂದ ಮಾಡುವ ಕೆಲಸಗಳು. ಹಾಗಿದ್ದೂ ಮನೆಯವರ ಸಮಯದ ಬಹುಪಾಲು ಬಣ್ಣದ ಮಾದರಿಗಳ ಮುಂದೆ ಕಳೆದುಹೋಗುತ್ತದೆ. ಗುತ್ತಿಗೆದಾರರ ಆಯ್ಕೆ ಮಾತ್ರ ಯಾರು ಕಡಿಮೆ ದರ ಹೇಳಿದರು ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿದುಬಿಡುತ್ತದೆ. ಇಲ್ಲಿ ಹೇಳುವ ಕ್ರಮ ಬೇರೆ: ಮೊದಲು ಮನೆಯನ್ನು ಅಳೆದು, ಆಮೇಲೆ ಲೋಹವನ್ನೂ ಅದರ ಆಕಾರವನ್ನೂ ನಿರ್ಧರಿಸಿ, ಉಳಿದ ಶ್ರಮವನ್ನೆಲ್ಲ ಕೆಲಸ ಮಾಡುವವರ ಆಯ್ಕೆಗೆ ಮತ್ತು ಒಪ್ಪಂದದ ಕಾಗದಕ್ಕೆ ಮೀಸಲಿಡುವುದು.

ಮೊದಲ ಹೆಜ್ಜೆ: ನಿಮ್ಮ ಮಾಡನ್ನು ತಿಳಿದುಕೊಳ್ಳಿ

ಅಂಗಡಿಗೆ ಹೋಗುವ ಮುನ್ನ ಇಳಿಜಾರನ್ನು ಅಳೆಯಿರಿ. ಮಾಡಿನ ತೊಲೆಗೆ ಒತ್ತಿ ಒಂದು ಮೀಟರ್ ಉದ್ದದ ಪಟ್ಟಿಯನ್ನು ರಸಮಟ್ಟದಿಂದ ಸಮವಾಗಿ ಹಿಡಿದು, ಅದರ ಇನ್ನೊಂದು ತುದಿಯಿಂದ ತೊಲೆಯವರೆಗೆ ಎಷ್ಟು ಅಂತರವಿದೆ ಎಂದು ನೋಡಿದರೆ ಸಾಕು. 25 ಸೆಂಟಿಮೀಟರ್ ಬಂದರೆ ಅದು ನಾಲ್ಕಕ್ಕೆ ಒಂದರ ಇಳಿಜಾರು, ಅಂದರೆ ಸುಮಾರು 14 ಡಿಗ್ರಿ. ಮೇಲಿನಿಂದ ಸ್ಕ್ರೂ ಹೊಡೆಯುವ ಅಲೆ ಶೀಟುಗಳಿಗೆ ಇಷ್ಟು ಇಳಿಜಾರಿದ್ದರೆ ನೆಮ್ಮದಿ. ಇದಕ್ಕಿಂತ ಬಹಳ ಚಪ್ಪಟೆಯಾಗಿದ್ದರೆ ನೀರು ಜೋಡುಗಳಲ್ಲಿ ನಿಂತು, ಗಾಳಿಯ ಒತ್ತಡಕ್ಕೆ ಹಿಂದಕ್ಕೆ ಹತ್ತುತ್ತದೆ. ಅಂಥ ಕಡೆ ಜೋಡನ್ನು ಎತ್ತರಕ್ಕೆ ಮಡಿಚಿ ಬಿಗಿಯುವ ಬಗೆಯ ಶೀಟನ್ನೇ ಹಾಕಬೇಕಾಗುತ್ತದೆ. ಪ್ರತಿಯೊಂದು ಮಾದರಿಗೂ ಅದನ್ನು ತಯಾರಿಸುವವರು ಕನಿಷ್ಠ ಇಳಿಜಾರನ್ನು ಬರೆದು ಕೊಟ್ಟಿರುತ್ತಾರೆ. ಮುದ್ರಿತ ಕೈಪಿಡಿಯಲ್ಲಿರುವ ಆ ಅಂಕಿಗಿಂತ ಕಡಿಮೆ ಇಳಿಜಾರಿನಲ್ಲಿ ಹಾಕಿದ ಶೀಟಿಗೆ ವಾರಂಟಿ ಅನ್ವಯಿಸುವುದನ್ನು ನಿರೀಕ್ಷಿಸುವಂತಿಲ್ಲ.

ಎರಡನೆಯದು ತೂಕ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು ಚದರ ಮೀಟರಿಗೆ ನಾಲ್ಕರಿಂದ ಐದು ಕಿಲೋ ತೂಗಿದರೆ ಹೆಂಚಿನ ಮಾಡು ಸಾಮಾನ್ಯವಾಗಿ 40 ಕಿಲೋ ಮತ್ತು ಅದಕ್ಕೂ ಹೆಚ್ಚು ತೂಗುತ್ತದೆ. ಆದ್ದರಿಂದ ಹೆಂಚು ತೆಗೆದು ಶೀಟು ಹಾಕುವವರು 'ಮರಕ್ಕೆ ಭಾರ ಕಡಿಮೆಯಾಯಿತು' ಎಂದು ಸಮಾಧಾನಪಡುತ್ತಾರೆ. ಆದರೆ ಲೋಹದ ಚಾವಣಿಯಲ್ಲಿ ಚಿಂತಿಸಬೇಕಾದದ್ದು ಕೆಳಕ್ಕೆ ಒತ್ತುವ ಭಾರವನ್ನಲ್ಲ, ಮೇಲಕ್ಕೆ ಎಳೆಯುವ ಗಾಳಿಯನ್ನು. ಹೆಂಚಿನ ಭಾರದಿಂದಲೇ ಇಷ್ಟು ವರ್ಷ ಕದಲದೆ ಕೂತಿದ್ದ ತೊಲೆ, ಜಂತಿ, ರೀಪುಗಳು ಈಗ ಹಗುರವಾದ ಹೊದಿಕೆಯೊಂದಿಗೆ ಬಿರುಗಾಳಿಯನ್ನು ಎದುರಿಸಬೇಕಾಗುತ್ತದೆ. ಶೀಟನ್ನು ಪರ್ಲಿನ್‌ಗೆ (ಶೀಟು ಕೂರುವ ಅಡ್ಡಪಟ್ಟಿಗೆ) ಎಷ್ಟೇ ಬಿಗಿದರೂ ಪರ್ಲಿನ್ ತೊಲೆಗೆ, ತೊಲೆ ಗೋಡೆಗೆ ಬೋಲ್ಟು ಅಥವಾ ಕಬ್ಬಿಣದ ಪಟ್ಟಿಯಿಂದ ಬಿಗಿಯದಿದ್ದರೆ ಇಡೀ ಚೌಕಟ್ಟೇ ಎದ್ದುಹೋಗಬಹುದು. ಗಾಳಿಯ ಎಳೆತ ಮಾಡಿನ ಮೂಲೆ, ಅಂಚು ಮತ್ತು ನೆತ್ತಿಯಲ್ಲಿ ಅತಿ ಹೆಚ್ಚು. ಆ ಭಾಗಗಳಲ್ಲಿ ಪರ್ಲಿನ್‌ಗಳೂ ಸ್ಕ್ರೂಗಳೂ ಹತ್ತಿರ ಹತ್ತಿರ ಇರಬೇಕು.

ಹಳೆಯ ಮಾಡು ಕಲ್ನಾರು ಶೀಟಿನದಾಗಿದ್ದರೆ ಅದನ್ನು ಒಡೆದು ಕೆಳಗೆ ಎಸೆಯುವ, ಗ್ರೈಂಡರ್‌ನಿಂದ ಕತ್ತರಿಸುವ ಯೋಚನೆಯನ್ನೇ ಬಿಡಿ. ಅದರ ಎಳೆಗಳ ಧೂಳು ಉಸಿರಿನೊಂದಿಗೆ ಒಳಸೇರಿದರೆ ಕ್ಯಾನ್ಸರ್ ತರಬಲ್ಲದು. ಒದ್ದೆ ಮಾಡಿ, ಇಡಿಯಾಗಿ ಬಿಚ್ಚಿ ಇಳಿಸುವ ತರಬೇತಿ ಇರುವವರಿಂದಲೇ ಆ ಕೆಲಸ ಆಗಬೇಕು.

ಎರಡನೆಯ ಹೆಜ್ಜೆ: ಲೋಹ, ಲೇಪ, ದಪ್ಪ

ಅಲೆಅಲೆಯಾದ ಕಬ್ಬಿಣದ ತಗಡಿಗೆ ಲಂಡನ್ನಿನಲ್ಲಿ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಪೇಟೆಂಟ್ ಪಡೆದ; 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೋರೆಲ್ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಜಿಐ ಶೀಟು ಈ ಎರಡರ ಕೂಡಿಕೆ. ಸತುವಿನ ಗುಣವೆಂದರೆ ಗೀರು ಬಿದ್ದ ಜಾಗದಲ್ಲೂ ಕತ್ತರಿಸಿದ ಅಂಚಿನಲ್ಲೂ ತಾನು ಮೊದಲು ಸವೆದು ಉಕ್ಕನ್ನು ಉಳಿಸುವುದು. 1972ರಲ್ಲಿ ಬೆತ್ಲೆಹೆಮ್ ಸ್ಟೀಲ್ ಕಂಪನಿ ಮಾರುಕಟ್ಟೆಗೆ ತಂದ ಗ್ಯಾಲ್ವಾಲ್ಯೂಮ್ ಲೇಪದಲ್ಲಿ ತೂಕದ ಲೆಕ್ಕದಲ್ಲಿ ಶೇ. 55ರಷ್ಟು ಅಲ್ಯುಮಿನಿಯಂ, ಶೇ. 43ಕ್ಕೂ ತುಸು ಹೆಚ್ಚು ಸತುವು, ಉಳಿದದ್ದು ಸಿಲಿಕಾನ್. ಸಾಮಾನ್ಯ ಹವೆಯಲ್ಲಿ ಇದು ಬರಿಯ ಸತುವಿಗಿಂತ ಹೆಚ್ಚು ಕಾಲ ಬಾಳುತ್ತದೆ. ಆದರೆ ಹಸಿ ಸಿಮೆಂಟು ತಾಗಿದರೆ ಇದರ ಮೇಲ್ಮೈ ಬೇಗ ತಿನ್ನಿಸಿಕೊಳ್ಳುತ್ತದೆ. ದನದ ಕೊಟ್ಟಿಗೆಯ ಅಮೋನಿಯಾ ಆವಿಗೂ ಇದು ಒಗ್ಗುವುದಿಲ್ಲ. ಕಡಲಿಗೆ ತೀರಾ ಹತ್ತಿರದ ಮನೆಗಳಿಗೆ ಅಲ್ಯುಮಿನಿಯಂ ಶೀಟು ಹೆಚ್ಚು ಸೂಕ್ತ; ತಾಮ್ರ ಮತ್ತು ಸತುವಿನ ಚಾವಣಿಗಳು ತಲೆಮಾರುಗಳ ಕಾಲ ಬಾಳುತ್ತವೆಯಾದರೂ ಬೆಲೆ ಮತ್ತು ಕುಶಲತೆ ಎರಡನ್ನೂ ಹೆಚ್ಚು ಬೇಡುತ್ತವೆ.

ಲೇಪದ ಪ್ರಮಾಣವನ್ನು ಅಂಕಿಯಲ್ಲಿ ಕೇಳಿ. ಝಡ್ 275 ಎಂದರೆ ಶೀಟಿನ ಎರಡೂ ಮುಖಗಳಿಗೆ ಸೇರಿ ಚದರ ಮೀಟರಿಗೆ 275 ಗ್ರಾಂ ಸತುವು, ಅಂದರೆ ಒಂದೊಂದು ಮುಖಕ್ಕೆ ಸುಮಾರು 20 ಮೈಕ್ರಾನ್. ಎಝಡ್ 150 ಎಂದರೆ ಅಲ್ಯುಮಿನಿಯಂ-ಸತುವಿನ ಮಿಶ್ರಲೇಪ 150 ಗ್ರಾಂ. ಈ ಮಿಶ್ರಲೇಪ ಹಗುರವಾದ್ದರಿಂದ ಕಡಿಮೆ ಗ್ರಾಂಗಳಲ್ಲೂ ಪದರದ ದಪ್ಪ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಝಡ್ 120 ಮತ್ತು ಝಡ್ 275ರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಬೆಲೆಯಲ್ಲಿ ಮಾತ್ರ ಕಾಣುತ್ತದೆ. ಕೆಲವೊಮ್ಮೆ ಅಲ್ಲೂ ಕಾಣುವುದಿಲ್ಲ, ಮೋಸಕ್ಕೆ ಎಡೆಯಾಗುವುದೇ ಅಲ್ಲಿ.

ದಪ್ಪದ ವಿಷಯದಲ್ಲಿ ಗೇಜ್ ಎಂಬ ಮಾತನ್ನು ನಂಬಬಾರದು. ಅಮೆರಿಕದ ಗೇಜ್ ಪಟ್ಟಿಗಳಲ್ಲೇ 26 ಗೇಜ್ ಎಂದರೆ ಬರಿಯ ಉಕ್ಕಿಗೆ ಸುಮಾರು 0.45 ಮಿ.ಮೀ., ಸತುವು ಲೇಪಿಸಿದ ಉಕ್ಕಿಗೆ 0.55 ಮಿ.ಮೀ., ಅಲ್ಯುಮಿನಿಯಂಗೆ 0.40 ಮಿ.ಮೀ. ಆಗುತ್ತದೆ. ಮಿಲಿಮೀಟರಿನಲ್ಲೇ ಕೇಳಿ, ಕೇಳುವಾಗಲೂ ಅದು ಲೇಪ ಮತ್ತು ಬಣ್ಣ ಸೇರಿದ ದಪ್ಪವೋ ಒಳಗಿನ ಮೂಲ ಉಕ್ಕಿನ ದಪ್ಪವೋ ಎಂದು ಸ್ಪಷ್ಟಪಡಿಸಿಕೊಳ್ಳಿ. ಬಣ್ಣ ಸೇರಿ 0.50 ಇರುವ ಶೀಟಿನಲ್ಲಿ ಉಕ್ಕು 0.43ರ ಆಸುಪಾಸಿನಲ್ಲಿರಬಹುದು. ಹೊರೆ ತಡೆಯುವುದು ಆ ಉಕ್ಕೇ ಹೊರತು ಬಣ್ಣವಲ್ಲ. ದುರಸ್ತಿಗೆ, ಸ್ವಚ್ಛತೆಗೆ ಜನರು ಮೇಲೆ ಓಡಾಡಬೇಕಾದ ಮನೆಯ ಮಾಡಿಗೆ ಮೂಲ ಉಕ್ಕು 0.45 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂಬುದು ನನ್ನ ಅಭಿಪ್ರಾಯ. ಶೀಟು ಬಂದಿಳಿದ ದಿನ ಅಂಚಿನಲ್ಲಿ ಮೈಕ್ರೋಮೀಟರ್ ಹಿಡಿದು ನೋಡಿದರೆ ಒಂದೇ ನಿಮಿಷದಲ್ಲಿ ಸತ್ಯ ತಿಳಿಯುತ್ತದೆ, ಮತ್ತು ನೀವು ಹಾಗೆ ನೋಡುತ್ತೀರಿ ಎಂದು ಮುಂಚೆಯೇ ಹೇಳಿಟ್ಟರೆ ತೆಳು ಶೀಟು ಬರುವ ಸಂಭವವೂ ಕಡಿಮೆಯಾಗುತ್ತದೆ.

ಬಣ್ಣಗಳಲ್ಲಿ ಸಾದಾ ಪಾಲಿಯೆಸ್ಟರ್, ಸಿಲಿಕಾನ್ ಬೆರೆಸಿದ ಪಾಲಿಯೆಸ್ಟರ್, ಪಿವಿಡಿಎಫ್ (ಫ್ಲೋರಿನ್ ಇರುವ ಪ್ಲಾಸ್ಟಿಕ್ ರಾಳದ ಬಣ್ಣ) ಎಂಬ ಮೂರು ಮೆಟ್ಟಿಲುಗಳಿವೆ. ಬಿಸಿಲಿಗೆ ಬಣ್ಣ ಮಾಸದೆ, ಮೇಲ್ಮೈ ಸುಣ್ಣದ ಪುಡಿಯಂತಾಗದೆ ಉಳಿಯುವುದರಲ್ಲಿ ಪಿವಿಡಿಎಫ್ ಮೇಲು. ಬಿಸಿಲು ಹೆಚ್ಚಿದ್ದರೆ ತಿಳಿಬಣ್ಣವನ್ನೇ ಆರಿಸಿಕೊಳ್ಳಿ.

ಒಂದು ಲೋಹದ ಮೇಲಿಂದ ಇನ್ನೊಂದರ ಮೇಲೆ ನೀರು ಹರಿಯುವುದನ್ನೂ ಗಮನಿಸಬೇಕು. ತಾಮ್ರದ ಕೊಳವೆಯಿಂದಲೋ ತಾಮ್ರದ ಹೊದಿಕೆಯಿಂದಲೋ ಇಳಿದ ನೀರು ಸತುವಿನ ಅಥವಾ ಅಲ್ಯುಮಿನಿಯಂ ಲೇಪದ ಶೀಟಿನ ಮೇಲೆ ಬಿದ್ದರೆ ಅದು ಬಿದ್ದ ಗೆರೆಯುದ್ದಕ್ಕೂ ಲೇಪ ತಿಂದುಹೋಗುತ್ತದೆ. ತಾಮ್ರದ ಲವಣದಿಂದ ಸಂಸ್ಕರಿಸಿದ ಒದ್ದೆ ಮರಕ್ಕೆ ಶೀಟನ್ನು ನೇರವಾಗಿ ತಾಗಿಸಿದರೂ ಇದೇ ಕತೆ.

ಮೂರನೆಯ ಹೆಜ್ಜೆ: ಸ್ಕ್ರೂ ಕಾಣುವ ಶೀಟೋ, ಕಾಣದ ಶೀಟೋ

ಮೇಲಿನಿಂದ ರಬ್ಬರ್ ವಾಷರ್ ಇರುವ ಸ್ಕ್ರೂ ಹೊಡೆಯುವ ಶೀಟುಗಳು ಅಗ್ಗ, ಬೇಗ ಮುಗಿಯುತ್ತವೆ, ಒಂದು ಹಾಳಾದರೆ ಬಿಚ್ಚಿ ಬದಲಿಸಬಹುದು. ಆದರೆ ಒಂದು ಸಾಧಾರಣ ಮನೆಯ ಮಾಡಿಗೆ ನೂರಾರು ಸ್ಕ್ರೂಗಳು ಬೇಕಾಗುತ್ತವೆ, ಪ್ರತಿಯೊಂದೂ ಒಂದು ರಂಧ್ರ, ಪ್ರತಿ ರಂಧ್ರವನ್ನೂ ಕಾಯುವುದು ಬಿಸಿಲಿಗೆ ಕ್ರಮೇಣ ಗಟ್ಟಿಯಾಗಿ ಬಿರಿಯುವ ರಬ್ಬರು. ಉಕ್ಕಿನ ಆಯುಸ್ಸು ಮುಗಿಯುವ ಮೊದಲೇ ಒಮ್ಮೆ ಸ್ಕ್ರೂಗಳನ್ನು ಬದಲಿಸಬೇಕಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಎತ್ತರದ ಮಡಿಕೆಯಿರುವ ಶೀಟುಗಳಲ್ಲಿ ಬಿಗಿತವೆಲ್ಲ ಮಡಿಕೆಯ ಒಳಗಿನ ಕ್ಲಿಪ್‌ಗಳ ಮೇಲಿರುತ್ತದೆ. ಶೀಟಿನ ಮೈಗೆ ರಂಧ್ರವೇ ಬೀಳುವುದಿಲ್ಲ. ಇದರ ನಿಜವಾದ ಲಾಭ ಗೊತ್ತಾಗುವುದು ಬಿಸಿಲೇರಿದಾಗ. 10 ಮೀಟರ್ ಉದ್ದದ ಉಕ್ಕಿನ ಶೀಟು 50 ಡಿಗ್ರಿ ಬಿಸಿಯೇರಿದರೆ ಸುಮಾರು 6 ಮಿ.ಮೀ. ಹಿಗ್ಗುತ್ತದೆ, ಅಲ್ಯುಮಿನಿಯಂ ಆದರೆ ಅದರ ಇಮ್ಮಡಿ. ಕ್ಲಿಪ್‌ಗಳು ಶೀಟು ಜಾರಲು ಬಿಡುತ್ತವೆ. ಸ್ಕ್ರೂಗಳು ಬಿಡುವುದಿಲ್ಲ, ಹಾಗಾಗಿ ಉದ್ದನೆಯ ಶೀಟಿನಲ್ಲಿ ದಿನದಿನವೂ ರಂಧ್ರ ಉದ್ದುದ್ದಕ್ಕೆ ಸವೆಯುತ್ತದೆ. ಮುಂದೆ ಸೌರಫಲಕ ಹಾಕುವ ಯೋಚನೆಯಿದ್ದರೆ ಮಡಿಕೆಗೇ ಕಚ್ಚಿಸುವ ಹಿಡಿಕೆಗಳು ಸಿಗುವುದರಿಂದ ಚಾವಣಿಗೆ ಒಂದೂ ತೂತು ಕೊರೆಯದೆ ಕೆಲಸವಾಗುತ್ತದೆ. ಇಷ್ಟೆಲ್ಲ ಇದ್ದರೂ, ಈ ಬಗೆಯ ಕೆಲಸ ಮಾಡಿ ಅನುಭವವಿರುವವರು ಸಿಗದಿದ್ದರೆ ಅದಕ್ಕೆ ಕೈಹಾಕಬೇಡಿ. ಅರೆಬರೆ ಕಲಿತವರು ಮಡಿಚಿದ ಜೋಡಿಗಿಂತ ಶಿಸ್ತಾಗಿ ಸ್ಕ್ರೂ ಹೊಡೆದ ಸಾದಾ ಶೀಟು ಎಷ್ಟೋ ಮೇಲು.

ನಾಲ್ಕನೆಯ ಹೆಜ್ಜೆ: ಸೆಕೆ, ಸದ್ದು, ಬೆವರು

ಶೀಟಿನ ಕೆಳಗೆ ಏನೂ ಇಲ್ಲದಿದ್ದರೆ ಹಗಲು ಸೆಕೆ, ಮಳೆಯಲ್ಲಿ ಸದ್ದು, ಚಳಿಯ ರಾತ್ರಿ ನೀರಹನಿ. ಕೊನೆಯದನ್ನು ಸೋರಿಕೆ ಎಂದು ತಪ್ಪಾಗಿ ತಿಳಿಯುವವರೇ ಹೆಚ್ಚು. ತಿಳಿಯಾಗಸದ ರಾತ್ರಿಯಲ್ಲಿ ಶೀಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಒಳಗಿನ ತೇವದ ಗಾಳಿ ಅದಕ್ಕೆ ತಾಗಿ ಹನಿಗಟ್ಟುತ್ತದೆ. ಅಡುಗೆಮನೆಯ ಮತ್ತು ಬಚ್ಚಲಿನ ಆವಿಯನ್ನು ಮಾಡಿನ ಕೆಳಗೇ ಬಿಡದೆ ಹೊರಕ್ಕೆ ಒಯ್ಯುವುದು, ಸೂರಿನಿಂದ ನೆತ್ತಿಯವರೆಗೆ ಗಾಳಿಯಾಡುವ ದಾರಿ ಬಿಡುವುದು, ಶಾಖ ತಡೆಯುವ ಪದರವನ್ನು ಆವಿ ತೂರದ ಹಾಳೆಯೊಂದಿಗೆ ಹಾಕುವುದು ಇದಕ್ಕೆ ಪರಿಹಾರ. ಹೊಳೆಯುವ ಫಾಯಿಲ್ ಹಾಸುವುದಾದರೆ ಹೊಳಪಿನ ಮುಖದೆದುರು ಗಾಳಿಯ ತೆರಪು ಇರಲೇಬೇಕು. ಶೀಟು ಮತ್ತು ಹಲಗೆಯ ನಡುವೆ ಒತ್ತಿಟ್ಟ ಫಾಯಿಲ್ ಶಾಖವನ್ನು ಹಿಂದಿರುಗಿಸುವುದಿಲ್ಲ. ಶೀಟಿನ ಕೆಳಗೆ ಹಲಗೆಯೂ ದಪ್ಪನೆಯ ಪದರವೂ ಇದ್ದರೆ ಮಳೆಯ ಸದ್ದು ಬಹುಮಟ್ಟಿಗೆ ಅಡಗುತ್ತದೆ. ಇವೆಲ್ಲ ಶೀಟು ಹಾಕುವ ಮುನ್ನವೇ ತೀರ್ಮಾನವಾಗಬೇಕು, ಏಕೆಂದರೆ ಆಮೇಲೆ ಕೆಳಗಿನಿಂದ ತುರುಕುವುದು ದುಬಾರಿಯೂ ಹೌದು, ಅರೆಮನಸ್ಸಿನ ಕೆಲಸವೂ ಹೌದು.

ಐದನೆಯ ಹೆಜ್ಜೆ: ಗುತ್ತಿಗೆದಾರರನ್ನು ಆರಿಸುವುದು

ಕನಿಷ್ಠ ಮೂವರನ್ನು ಮನೆಗೆ ಕರೆಸಿ. ಏಣಿ ಹಾಕಿ ಮೇಲೆ ಹತ್ತದೆ, ಅಟ್ಟದೊಳಗೆ ಇಣುಕದೆ, ನೆಲದಲ್ಲಿ ನಿಂತೇ ಚದರಡಿಯ ದರ ಹೇಳುವವರನ್ನು ಅಲ್ಲಿಗೇ ಬೀಳ್ಕೊಡಬಹುದು. ಮರ ಹುಳ ತಿಂದಿದೆಯೇ, ಗೋಡೆಯ ತಲೆ ಸಮವಾಗಿದೆಯೇ, ಮಾಡಿನ ಎರಡು ಕರ್ಣಗಳು ಸಮನಾಗಿವೆಯೇ ಎಂದು ನೋಡದವರ ಅಂದಾಜು ಕೆಲಸದ ನಡುವೆ ಖಂಡಿತ ಏರುತ್ತದೆ.

ಅವರು ಮಾಡಿದ ಕೆಲಸಗಳನ್ನು ನೋಡಲು ಹೋಗುವಾಗ ಹೊಸದೊಂದನ್ನು ಮಾತ್ರ ನೋಡಿ ಬರಬೇಡಿ. ಐದಾರು ಮಳೆಗಾಲ ಕಂಡ ಒಂದು ಮಾಡನ್ನು ತೋರಿಸಲು ಕೇಳಿ. ಅಲ್ಲಿ ಶೀಟಿನ ಮೈಯನ್ನು ನೋಡುವ ಅಗತ್ಯವಿಲ್ಲ. ಗೋಡೆಗೆ ತಾಗುವ ಫ್ಲ್ಯಾಶಿಂಗ್ ಪಟ್ಟಿಯ, ಅಂದರೆ ಜೋಡನ್ನು ಮುಚ್ಚುವ ತಗಡಿನ ಪಟ್ಟಿಯ, ಮೇಲಂಚನ್ನು ನೋಡಿ: ಗೋಡೆಯಲ್ಲಿ ಗಾಡಿ (ಉದ್ದನೆಯ ಸಣ್ಣ ಕಾಲುವೆ) ಕೊರೆದು ಪಟ್ಟಿಯನ್ನು ಒಳಕ್ಕೆ ಸೇರಿಸಿದ್ದಾರೆಯೇ, ಅಥವಾ ಮೇಲೆ ಸೀಲೆಂಟ್ ಬಳಿದು ಬಿಟ್ಟಿದ್ದಾರೆಯೇ? ಬಳಿದ ಸೀಲೆಂಟ್ ಕೆಲವು ವರ್ಷಗಳಲ್ಲಿ ಬಿರುಕು ಬಿಡುತ್ತದೆ, ಗಾಡಿಯೊಳಗೆ ಸೇರಿದ ಲೋಹ ಬಿಡುವುದಿಲ್ಲ. ಪೈಪಿನ ಸುತ್ತ ಹಿಗ್ಗುವ ರಬ್ಬರ್ ಬುಡವಿದೆಯೇ, ಎರಡು ಇಳಿಜಾರುಗಳು ಕೂಡುವ ಕಣಿವೆಯಲ್ಲಿ ಅಗಲವಾದ ತಗಡು ಹಾಸಿದ್ದಾರೆಯೇ ಎಂದೂ ನೋಡಿ. ಮನೆಯವರನ್ನು ಕೇಳಬೇಕಾದದ್ದು 'ಕೆಲಸ ಚೆನ್ನಾಗಿದೆಯೇ' ಎಂದಲ್ಲ, 'ತೊಂದರೆ ಬಂದಾಗ ಕರೆದರೆ ಬಂದರೇ' ಎಂದು.

ಇನ್ನು ಕೆಲವು ನೇರ ಪ್ರಶ್ನೆಗಳಿವೆ. ಕೆಲಸಕ್ಕೆ ಬರುವವರು ಅವರ ಸ್ವಂತ ತಂಡವೋ, ಒಳಗುತ್ತಿಗೆ ಕೊಡುತ್ತಾರೋ? ಎತ್ತರದಿಂದ ಬೀಳದಂತೆ ಬೆಲ್ಟು ಮತ್ತು ಹಗ್ಗ ಬಳಸುತ್ತಾರೆಯೇ, ಕೆಲಸಗಾರರಿಗೆ ವಿಮೆ ಇದೆಯೇ? ಈ ಶೀಟಿನ ತಯಾರಕರ ಕೈಪಿಡಿ ಅವರ ಬಳಿ ಇದೆಯೇ? ಕೊನೆಯ ಪ್ರಶ್ನೆಗೆ ನಗುವವರೂ ಇರುತ್ತಾರೆ. ಆ ನಗುವೂ ಒಂದು ಉತ್ತರವೇ.

ಆರನೆಯ ಹೆಜ್ಜೆ: ಕೊಟೇಶನ್ ಮತ್ತು ಒಪ್ಪಂದ

ಮೂರು ಕೊಟೇಶನ್‌ಗಳನ್ನು ಹೋಲಿಸಲು ಮೂರರಲ್ಲೂ ಒಂದೇ ವಸ್ತುವಿರಬೇಕು. ಆದ್ದರಿಂದ ಲೋಹ, ಲೇಪದ ಗ್ರಾಂ, ಮೂಲ ಉಕ್ಕಿನ ದಪ್ಪ, ಬಣ್ಣದ ಬಗೆ, ಸ್ಕ್ರೂವಿನ ಲೇಪದ ದರ್ಜೆ ಮತ್ತು ಪರ್ಲಿನ್‌ಗಳ ಅಂತರವನ್ನು ನೀವೇ ಒಂದು ಹಾಳೆಯಲ್ಲಿ ಬರೆದು ಮೂವರಿಗೂ ಕೊಡಿ. ಕಡಿಮೆ ದರದ ಕೊಟೇಶನ್‌ನಲ್ಲಿ ಸಾಮಾನ್ಯವಾಗಿ ಕಾಣೆಯಾಗುವವು ನೆತ್ತಿಯ ಮುಚ್ಚಳ, ಅಂಚುಪಟ್ಟಿ, ಫ್ಲ್ಯಾಶಿಂಗ್, ನೀರಿನ ದೋಣಿ, ಹಳೆಯ ಮಾಡಿನ ಸಾಗಣೆ, ಹುಳ ತಿಂದ ಮರದ ಬದಲಿ. ದೋಣಿಯ ಅಳತೆಗೂ ಲೆಕ್ಕ ಕೇಳಿ: 100 ಚದರ ಮೀಟರ್ ಮಾಡಿನ ಮೇಲೆ ಗಂಟೆಗೆ 60 ಮಿ.ಮೀ. ಮಳೆ ಸುರಿದರೆ ನಿಮಿಷಕ್ಕೆ 100 ಲೀಟರ್ ನೀರು ಇಳಿಯುತ್ತದೆ, ದೋಣಿ ಮತ್ತು ಇಳಿಕೊಳವೆ ಅದನ್ನು ಹೊರಬೇಕು.

ವಾರಂಟಿ ಎರಡು ಬಗೆಯದು. ತಯಾರಕರದು ಶೀಟಿಗೆ ಮತ್ತು ಬಣ್ಣಕ್ಕೆ; ಗುತ್ತಿಗೆದಾರರದು ಕೈಕೆಲಸಕ್ಕೆ. ಸೋರಿಕೆ ಬಹುತೇಕ ಎರಡನೆಯದಕ್ಕೆ ಸೇರಿದ್ದರಿಂದ ಅದು ಬರಹದಲ್ಲಿ, ವರ್ಷಗಳ ಸಂಖ್ಯೆಯೊಂದಿಗೆ ಇರಬೇಕು. ತಯಾರಕರ ವಾರಂಟಿಯಲ್ಲಿ ಕಡಲಿನಿಂದ ಇರಬೇಕಾದ ದೂರ, ವರ್ಷ ಕಳೆದಂತೆ ಪರಿಹಾರ ಇಳಿಯುವ ಕ್ರಮ, ಕತ್ತರಿಸಿದ ಅಂಚಿನ ತುಕ್ಕನ್ನು ಕೈಬಿಟ್ಟಿದ್ದಾರೆಯೇ ಎಂಬುದನ್ನು ಓದಿ. ಹಣವನ್ನು ಮುಂಗಡ, ಸಾಮಗ್ರಿ ಬಂದಿಳಿದು ಪರಿಶೀಲನೆಯಾದಾಗ, ಶೀಟು ಹಾಕಿ ಮುಗಿದಾಗ, ನೀರಿನ ಪರೀಕ್ಷೆಯ ನಂತರ ಎಂದು ಕಂತುಗಳಲ್ಲಿ ಕೊಡಿ. ಕೊನೆಯ ಕಂತು ಗುತ್ತಿಗೆದಾರರು ಮರಳಿ ಬರಲೇಬೇಕೆನಿಸುವಷ್ಟು ದೊಡ್ಡದಿರಲಿ.

ಏಳನೆಯ ಹೆಜ್ಜೆ: ಕೆಲಸ ನಡೆಯುವ ದಿನಗಳು

ಬಂದ ಶೀಟುಗಳನ್ನು ನೆಲದಿಂದ ಮೇಲೆ, ಒಂದು ಕಡೆಗೆ ಓರೆಯಾಗಿ, ಒಣಗಿದ ಜಾಗದಲ್ಲಿ ಇಡಿಸಿ. ಕಟ್ಟಿನ ನಡುವೆ ನೀರು ನುಗ್ಗಿದರೆ ಗಾಳಿಯಾಡದೆ ಬಿಳಿ ತುಕ್ಕು ಹಿಡಿದು, ಹೊಸ ಶೀಟು ಹಾಕುವ ಮೊದಲೇ ಹಳತಾಗುತ್ತದೆ.

ಕತ್ತರಿಸಲು ತಗಡಿನ ಕತ್ತರಿ ಅಥವಾ ನಿಬ್ಲರ್ (ತಗಡನ್ನು ಚೂರುಚೂರಾಗಿ ಕಚ್ಚಿ ಕತ್ತರಿಸುವ ಯಂತ್ರ) ಬೇಕು, ಗ್ರೈಂಡರ್ ಅಲ್ಲ. ಗ್ರೈಂಡರ್‌ನ ಕಿಡಿಗಳು ಅಂಚಿನ ಲೇಪವನ್ನೂ ಬಣ್ಣವನ್ನೂ ಸುಡುತ್ತವೆ, ಸಿಡಿದ ಕಬ್ಬಿಣದ ಪುಡಿ ಮೊದಲ ಮಳೆಗೇ ತುಕ್ಕಾಗಿ ಇಡೀ ಮಾಡಿಗೆ ಕಂದು ಚುಕ್ಕೆ ಮೂಡಿಸುತ್ತದೆ. ಸ್ಕ್ರೂ ಕೊರೆದಾಗ ಬೀಳುವ ಸುರುಳಿಗಳನ್ನೂ ಪ್ರತಿ ಸಂಜೆ ಮೆತ್ತನೆಯ ಪೊರಕೆಯಿಂದ ಗುಡಿಸಬೇಕು. ಬಣ್ಣವಿಲ್ಲದ ಅಲ್ಯುಮಿನಿಯಂ-ಸತುವಿನ ಶೀಟಿನ ಮೇಲೆ ಬಡಗಿಯ ಸೀಸದ ಪೆನ್ಸಿಲ್‌ನಿಂದ ಗುರುತು ಹಾಕಿದರೆ ಅದರ ಗ್ರಾಫೈಟ್ ಆ ಗೆರೆಯಲ್ಲೇ ಲೇಪವನ್ನು ತಿನ್ನುತ್ತದೆ; ಮಾರ್ಕರ್ ಪೆನ್ನು ಕೊಡಿ. ಸೀಲೆಂಟ್ ವಿನಿಗರ್ ವಾಸನೆ ಬರುವ ಬಗೆಯದಾಗಿದ್ದರೆ ಅದರ ಆಮ್ಲ ಲೋಹಕ್ಕೆ ಹಗೆ, ನ್ಯೂಟ್ರಲ್ ಎಂದು ಬರೆದಿರುವುದನ್ನೇ ತರಿಸಿ.

ಸ್ಕ್ರೂಗಳನ್ನು ಹತ್ತಿರದಿಂದ ನೋಡಿ. ಸರಿಯಾಗಿ ಕೂತ ಸ್ಕ್ರೂವಿನಲ್ಲಿ ಲೋಹದ ಬಿಲ್ಲೆಯ ಅಂಚಿನ ಸುತ್ತ ಕಪ್ಪು ರಬ್ಬರಿನ ತೆಳ್ಳನೆಯ ಉಂಗುರ ಸಮವಾಗಿ ಕಾಣುತ್ತದೆ. ರಬ್ಬರು ಹಿಂಡಿ ಹೊರಚೆಲ್ಲಿ ಶೀಟಿನಲ್ಲಿ ಗುಳಿ ಬಿದ್ದಿದ್ದರೆ ಅತಿಯಾಗಿ ಬಿಗಿದಿದ್ದಾರೆ, ಬಿಲ್ಲೆ ಬೆರಳಿಗೆ ತಿರುಗಿದರೆ ಸಡಿಲ, ತಲೆ ಓರೆಯಾಗಿದ್ದರೆ ಒಂದು ಬದಿ ತೆರೆದೇ ಇದೆ. ಪರ್ಲಿನ್ ತಪ್ಪಿ ಹೊಡೆದು ಕಿತ್ತ ರಂಧ್ರಗಳನ್ನು ಸೀಲೆಂಟ್‌ನಿಂದ ಮುಚ್ಚಿ ಮರೆಸುವುದುಂಟು; ಅಂಥವನ್ನು ಎಣಿಸಿ, ಹೆಚ್ಚಿದ್ದರೆ ಶೀಟನ್ನೇ ಬದಲಿಸಲು ಹೇಳಿ. ಪಕ್ಕದ ಜೋಡುಗಳ ಬಾಯಿ ಮಳೆಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿರಬೇಕು, ಅಂದರೆ ಶೀಟು ಹಾಸುವುದು ಗಾಳಿ ಬರುವ ದಿಕ್ಕಿಗೆ ವಿರುದ್ಧ ತುದಿಯಿಂದ ಆರಂಭವಾಗಬೇಕು. ಶೀಟಿನ ಕೆಳತುದಿ ದೋಣಿಯೊಳಕ್ಕೆ ಸುಮಾರು 50 ಮಿ.ಮೀ. ಚಾಚಿರಲಿ. ನೆತ್ತಿಯ ಮುಚ್ಚಳ ಹಾಕುವ ಮುನ್ನ ಪ್ರತಿ ಶೀಟಿನ ಮೇಲಿನ ತುದಿಯನ್ನು ಇಕ್ಕಳದಿಂದ ಮೇಲಕ್ಕೆ ಬಗ್ಗಿಸಿದ್ದಾರೆಯೇ ಎಂದು ನೋಡಲು ಮರೆಯಬೇಡಿ, ಏಕೆಂದರೆ ಮುಚ್ಚಳ ಕೂತ ಮೇಲೆ ಅದು ಯಾರಿಗೂ ಕಾಣುವುದಿಲ್ಲ.

ಕೊನೆಯ ಹೆಜ್ಜೆ: ನೀರಿನ ಪರೀಕ್ಷೆ ಮತ್ತು ಆಮೇಲಿನ ನಿಗಾ

ಕೊನೆಯ ಕಂತಿಗೆ ಮುನ್ನ ಪೈಪಿನಿಂದ ನೀರು ಹಾಯಿಸಿ. ಸೂರಿನಿಂದ ಶುರುಮಾಡಿ ನಿಧಾನವಾಗಿ ನೆತ್ತಿಯ ಕಡೆಗೆ ಹೋಗಬೇಕು, ಒಂದೊಂದು ಜಾಗದಲ್ಲೂ ಕೆಲವು ನಿಮಿಷ ನಿಲ್ಲಬೇಕು, ಒಳಗೆ ಟಾರ್ಚ್ ಹಿಡಿದು ಒಬ್ಬರು ನೋಡುತ್ತಿರಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒಮ್ಮೆಗೇ ಒದ್ದೆಯಾಗಿ ಸೋರುವ ಜಾಗ ಯಾವುದೆಂದು ಪತ್ತೆಯಾಗುವುದಿಲ್ಲ. ಬಿಲ್ಲು, ವಾರಂಟಿ ಪತ್ರ, ಶೀಟಿನ ಹಿಂಬದಿಯಲ್ಲಿ ಮುದ್ರಿಸಿದ ವಿವರಗಳ ಚಿತ್ರ, ಉಳಿದ ಒಂದಿಷ್ಟು ಸ್ಕ್ರೂಗಳನ್ನು ತೆಗೆದಿಡಿ.

ಆಮೇಲೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ, ದೋಣಿ ಮತ್ತು ಕಣಿವೆಗಳಲ್ಲಿ ಕೊಳೆಯುತ್ತಿರುವ ಎಲೆಗಳನ್ನು ತೆಗೆಸಿ. ಮಳೆನೀರು ತಾನಾಗಿ ತೊಳೆಯದ ಸೂರಿನ ಕೆಳಭಾಗವನ್ನು, ಮುಖ್ಯವಾಗಿ ಕಡಲಿನ ಹತ್ತಿರ, ಆಗಾಗ ಸಿಹಿನೀರಿನಿಂದ ತೊಳೆಸಿ. ಶೀಟಿನ ಮೇಲೆ ನಡೆಯುವವರು ಮೆತ್ತನೆಯ ಅಡಿಯ ಪಾದರಕ್ಷೆ ಹಾಕಿ, ಸ್ಕ್ರೂಗಳ ಸಾಲಿನ ಮೇಲೆ, ಅಂದರೆ ಕೆಳಗೆ ಪರ್ಲಿನ್ ಇರುವಲ್ಲಿ ಹೆಜ್ಜೆಯಿಡಬೇಕು. ನೀರಿನ ತೊಟ್ಟಿ, ಡಿಶ್ ಆಂಟೆನಾ, ಸೌರಫಲಕ ಹಾಕಲು ಬರುವವರು ಕೇಳದೆಯೇ ತೂತು ಕೊರೆದುಬಿಡುತ್ತಾರೆ. ಹಾಗೆ ಕೊರೆದ ತೂತಿಗೆ ಚಾವಣಿಯ ಗುತ್ತಿಗೆದಾರರ ವಾರಂಟಿ ಅನ್ವಯಿಸುವುದಿಲ್ಲವಾದ್ದರಿಂದ, ಅವರನ್ನು ಕರೆಸಿ ಅವರ ಕೈಯಿಂದಲೇ ಆ ಕೆಲಸ ಮಾಡಿಸುವುದು ಕ್ಷೇಮ.